ಭಾವನವರ ಬಂದೋಬಸ್ತು

ನಮ್ಮ ಭಾವ ವಿಲ್ಫ್ ಓಲ್ಡ್‌ರಾಯ್ಡ್ ಅವರಿಗೆ ಥಾರ್ನ್‌ಶಾ ಬಾಟಲಿ ಕಾರ್ಖಾನೆಯಲ್ಲಿ ಬಿರುಕು ಹುಡುಕುವ ಕೆಲಸ. ಬಾಟಲಿಗಳು ಕಣ್ಣಮುಂದೆ ಸಾಲಾಗಿ ಸಾಗುತ್ತವೆ. ಹಿಂದೆ ದೀಪ ಉರಿಯುತ್ತಿರುತ್ತದೆ. ಕೂದಲೆಳೆಯಷ್ಟು ಸೀಳು ಕಂಡರೂ ಬಾಟಲಿಯನ್ನೆತ್ತಿ ತೊಟ್ಟಿಗೆ ಒಗೆಯಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದ ಮನುಷ್ಯ ಸಂಜೆ ಮನೆಗೆ ಬಂದ ಮೇಲೂ ಅದನ್ನು ಮುಂದುವರಿಸಿದರೆ ಯಾರನ್ನು ದೂರೋಣ? ಹಾಲಿನವನು ನಕ್ಕರೆ "ಯಾಕೆ ನಕ್ಕ?" ಎನ್ನುವರು. ನಗದೆ ಹೋದರೆ "ಏನೋ ಮುಚ್ಚಿಡ್ತಿದ್ದಾನೆ" ಎನ್ನುವರು. ನಮ್ಮಕ್ಕ ಎನಿಡ್ ಒಂದು ದಿನ ಅಕಾರಣವಾಗಿ ಅವರಿಗೆ ಎರಡು ಮೊಟ್ಟೆ ಹುರಿದು ಕೊಟ್ಟಳಂತೆ. ಭಾವ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಏನು ಬೇಕು ನಿಂಗೆ?" ಎಂದರಂತೆ.

ಈ ಲೋಕದಲ್ಲಿ ಅವರು ಸಂಶಯಪಡದೆ ನಂಬಿದ್ದು ಒಂದನ್ನೇ, ಥಾರ್ನ್‌ಶಾ ರಗ್ಬಿ ಲೀಗ್ ತಂಡವನ್ನು. ಹದಿಮೂರು ಜನ ಕಪ್ಪು-ಹಳದಿ ಪಟ್ಟೆಯ ಅಂಗಿ ತೊಟ್ಟು ಕೆಸರಿಗಿಳಿದರೆ ಭಾವನ ಕಣ್ಣಲ್ಲಿ ನೀರು ಬರುತ್ತಿತ್ತು. ಆ ತಂಡ ಸೋತಾಗಲೂ, ಅಂದರೆ ಸಾಮಾನ್ಯವಾಗಿ, ಅದು ರೆಫರಿಯ ತಪ್ಪು, ಗಾಳಿಯ ತಪ್ಪು, ಇಲ್ಲವೆ ಬ್ರೆಕ್ಲಿಯವರ ಕೈವಾಡ.

ಬ್ರೆಕ್ಲಿ ನಮ್ಮೂರಿಗೆ ಅಂಟಿಕೊಂಡೇ ಇರುವ ಊರು. ನಡುವೆ ಒಂದು ಕಾಲುವೆ, ಒಂದು ಕಲ್ಲಿದ್ದಲ ಗಣಿ ಬಿಟ್ಟರೆ ಬೇರೇನಿಲ್ಲ. ನಮ್ಮೂರಿನಲ್ಲಿ ಬ್ರೆಕ್ಲಿಯವರನ್ನು ಮದುವೆಯಾದವರೂ ಇದ್ದಾರೆ. ಆದರೆ ಆ ವಿಷಯವನ್ನು ಮನೆಯವರು ಯಾವುದೋ ಕಾಯಿಲೆಯ ಸಂಗತಿಯಂತೆ ದನಿ ತಗ್ಗಿಸಿ ಹೇಳುತ್ತಾರೆ. ಹೀಗಿರುವಾಗ ಆ ವರ್ಷ, ಹಿಂದೆಂದೂ ಆಗದಿದ್ದದ್ದು ಆಯಿತು. ಚಾಂಪಿಯನ್‌ಶಿಪ್ಪಿನ ಫೈನಲ್ಲಿಗೆ ಎರಡೂ ಊರುಗಳು ಒಟ್ಟಿಗೇ ಬಂದುಬಿಟ್ಟವು. ಪಂದ್ಯ ಗುಡ್ಡದಾಚೆ, ಮ್ಯಾಂಚೆಸ್ಟರಿನಲ್ಲಿ.

ಕ್ಲಬ್ಬಿನಲ್ಲಿ ಅಭಿಮಾನಿ ಸಂಘದ ಸಭೆ ಸೇರಿತು. ಅಧ್ಯಕ್ಷರು ಹೆಪ್‌ವರ್ತ್. ವೃತ್ತಿಯಿಂದ ಶವಪೆಟ್ಟಿಗೆ ಮಾಡಿ ಹೆಣ ಸಾಗಿಸುವವರು. ಊರಿನವರೆಲ್ಲ ಇವತ್ತಲ್ಲ ನಾಳೆ ತಮ್ಮ ಗಿರಾಕಿಗಳೇ ಆದ್ದರಿಂದ ಯಾರಿಗೂ ಇಲ್ಲವೆಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಬಸ್ಸು ಗೊತ್ತಾಯಿತು, ಹೊರಡುವ ಸಮಯ ಗೊತ್ತಾಯಿತು. ಎಲ್ಲರೂ ಬಿಯರ್ ಲೋಟದತ್ತ ಕೈ ಚಾಚುವಷ್ಟರಲ್ಲಿ ಭಾವ ಎದ್ದು ನಿಂತರು.

"ಬ್ರೆಕ್ಲಿಯವರು ಕೈಕಟ್ಕೊಂಡು ಕೂತಿರ್ತಾರೆ ಅಂದ್ಕೊಂಡ್ರಾ?"

"ಏನ್ ಮಾಡ್ತಾರೆ ವಿಲ್ಫ್?" ಎಂದರು ಹೆಪ್‌ವರ್ತ್.

"ಅದು ಗೊತ್ತಿದ್ರೆ ಹೆದರಿಕೆ ಏನಿತ್ತು? ಗೊತ್ತಿಲ್ಲ, ಅದಕ್ಕೇ ಹೇಳ್ತಿರೋದು!"

ಭಾವ ಬಂದೋಬಸ್ತಿನ ಕ್ರಮಗಳನ್ನು ಘೋಷಿಸಿದರು. ಮೈದಾನ ತಲುಪುವವರೆಗೆ ಯಾರೂ ನಮ್ಮ ಬಣ್ಣ ತೋರಿಸಕೂಡದು, ಎಲ್ಲರೂ ಮೇಲೊಂದು ಮಳೆಕೋಟು ಹಾಕಿಕೊಳ್ಳಬೇಕು. ದಾರಿಯಲ್ಲಿ ಯಾರೂ ಯಾರ ಹೆಸರನ್ನೂ ಹಿಡಿದು ಕೂಗಕೂಡದು. ಭಾವ ಹಿಂದಿನ ಸೀಟಿನಲ್ಲಿ ಕೂತು ಎಲ್ಲರ ಮೇಲೂ ಕಣ್ಣಿಡುತ್ತಾರೆ. ಕೊನೆಯದಾಗಿ, ಇಡೀ ಬಸ್ಸಿನವರ ಟಿಕೆಟ್ಟುಗಳೂ ಭಾವನ ಕೋಟಿನ ಒಳಜೇಬಿನಲ್ಲಿರತಕ್ಕದ್ದು.

"ನಂದು ನನ್ನ ಹತ್ರ ಇದ್ರೆ ಏನಾಗತ್ತೆ?" ಎಂದ ಪೋಸ್ಟ್‌ಮನ್ ಲಮ್. ಇವನು ನಮ್ಮೂರಿನ ಕಾಗದಗಳನ್ನು ಹಂಚುತ್ತಿದ್ದ. ಕಾಗದದ ಒಳಗಿರುವುದನ್ನೂ ಹಂಚುತ್ತಿದ್ದ.

"ನೀನು ಹೀಗೆ ಕೇಳ್ತಿದ್ದೀಯಲ್ಲ, ಅದೇ ನನಗೆ ಸರಿ ಕಾಣ್ತಿಲ್ಲ" ಎಂದರು ಭಾವ.

ಹೆಪ್‌ವರ್ತ್ ನಿಟ್ಟುಸಿರು ಬಿಟ್ಟು, "ಆಗಲಿ ವಿಲ್ಫ್, ಇವತ್ತಿನಿಂದ ನೀನೇ ಬಂದೋಬಸ್ತು ಕಾರ್ಯದರ್ಶಿ" ಎಂದರು. ಅಂಥ ಹುದ್ದೆ ಸಂಘದಲ್ಲಿ ಇರಲಿಲ್ಲ. ಆದರೆ ಭಾವ ಅಂದು ಮನೆಗೆ ನಡೆದ ರೀತಿ ನೋಡಿದವರು ಅದು ರಾಣಿಯ ಕೈಯಿಂದಲೇ ಸಿಕ್ಕಿರಬೇಕೆಂದು ತಿಳಿಯುತ್ತಿದ್ದರು. ಅಕ್ಕ ಒಳಜೇಬಿಗೆ ಎರಡು ಗುಂಡಿ ಹೊಲಿದುಕೊಟ್ಟಳು. ಭಾವ ಆ ವಾರವೆಲ್ಲ ಕೋಟು ತೊಟ್ಟೇ ಮಲಗಿದರು. ಮಲಗಿದರು ಎಂದರೆ ಕಣ್ಣು ಬಿಟ್ಟುಕೊಂಡು ಮಲಗಿದರು.

ಪಂದ್ಯದ ದಿನ ಬೆಳಿಗ್ಗೆ ಹೊರಟೆವು, ಅಕ್ಕನೂ ಹೆಣಿಗೆ ಹಿಡಿದು ಬಂದಳು. ಗುಡ್ಡ ಹತ್ತಿದಂತೆ ಮಂಜು ದಟ್ಟವಾಯಿತು, ಸೋನೆ ಹಿಡಿಯಿತು. ಹೆದ್ದಾರಿಯ ನೆತ್ತಿಯಲ್ಲಿ ಚಹಾ ಕುಡಿಯಲು, ಇತರ ಅವಸರಗಳನ್ನು ತೀರಿಸಿಕೊಳ್ಳಲು ಬಸ್ಸು ನಿಲ್ಲಿಸಿದರು. ಅಲ್ಲಿ ಇನ್ನೊಂದು ಬಸ್ಸು ಆಗಲೇ ನಿಂತಿತ್ತು. ಅದೂ ಹೋಲ್‌ರಾಯ್ಡ್ ಕಂಪನಿಯ ಕೆನೆಬಣ್ಣದ ಬಸ್ಸೇ. ಸುತ್ತಮುತ್ತ ಅಗ್ಗದ ದರಕ್ಕೆ ಬಸ್ಸು ಕೊಡುವ ಕಂಪನಿ ಅದೊಂದೇ, ಮತ್ತು ಜಿಪುಣತನದಲ್ಲಿ ಬ್ರೆಕ್ಲಿಯವರೂ ನಾವೂ ಒಂದೇ ತಾಯಿಯ ಮಕ್ಕಳು.

ಚಹಾದಂಗಡಿಯಲ್ಲಿ ಭಾವನ ಕಣ್ಣು ಒಬ್ಬ ಬೋಳುತಲೆಯವನ ಮೇಲೆ ಬಿತ್ತು. ಆತ ಲೋಟಕ್ಕೆ ಸಕ್ಕರೆ ಹಾಕಿ ಕಲಕಿದ. ಸುತ್ತ ನೋಡಿದ. ಮತ್ತೆ ಹಾಕಿದ, ಮತ್ತೆ ಸುತ್ತ ನೋಡಿದ. ಸಕ್ಕರೆ ಕಾಯಿಲೆಯವನು ಹೆಂಡತಿಯ ಕಣ್ಣು ತಪ್ಪಿಸುತ್ತಿದ್ದಾನೆಂದು ಯಾರಿಗಾದರೂ ಹೊಳೆಯುತ್ತಿತ್ತು. ಭಾವನಿಗೆ ಗೂಢಚಾರ ಕಂಡ. ಆತ ಎದ್ದ, ಭಾವನೂ ಎದ್ದರು. ಆತ ಮಂಜಿನಲ್ಲಿ ನಡೆದ, ಭಾವ ಬಗ್ಗಿಕೊಂಡು ಹಿಂಬಾಲಿಸಿದರು. ಆತ ಕೆನೆಬಣ್ಣದ ಬಸ್ಸು ಹತ್ತಿದ.

"ನೋಡಿದ್ಯಾ, ನಮ್ಮ ಬಸ್ಸಿಗೇ ನುಗ್ಗಿದ!" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಭಾವನೂ ಹತ್ತಿದರು. ಒಳಗೆಲ್ಲ ತೊಯ್ದ ಮಳೆಕೋಟುಗಳು. ತಮ್ಮ ಆಜ್ಞೆ ಇಷ್ಟು ಶಿಸ್ತಾಗಿ ಪಾಲನೆಯಾಗಿರುವುದನ್ನು ಕಂಡು ಹೆಮ್ಮೆಪಟ್ಟರು. ಹಿಂದಿನ ಸೀಟಿನಲ್ಲಿ ಕೂತು ಆ ಬೋಳುತಲೆಯ ಹಿಂಭಾಗವನ್ನೇ ದಿಟ್ಟಿಸಿದರು. ಬಸ್ಸಿನೊಳಗೆ ಬೆಚ್ಚಗಿತ್ತು. ವಾರದ ನಿದ್ದೆ ಬಾಕಿಯಿತ್ತು. ದಿಟ್ಟಿಸುತ್ತಲೇ ಗೊರಕೆ ಹೊಡೆದರು.

ಇತ್ತ ನಮ್ಮ ಬಸ್ಸೂ ಹೊರಟಿತು. ಹೆಸರು ಕೂಗಕೂಡದೆಂಬ ಕಟ್ಟಪ್ಪಣೆಯಿದ್ದುದರಿಂದ ಯಾರೂ ಕೂಗಲಿಲ್ಲ. ಹಿಂದಿನ ಸೀಟಿನಿಂದ ಭಾವ ನಮ್ಮನ್ನು ನೋಡುತ್ತಿದ್ದಾರೆಂಬ ಹೆದರಿಕೆಯಿಂದ ಒಬ್ಬರೂ ಹಿಂದಕ್ಕೆ ತಿರುಗಲಿಲ್ಲ. ಗುಡ್ಡ ಇಳಿಯುವವರೆಗೂ ನಾವೆಲ್ಲ ಒಂದು ಖಾಲಿ ಸೀಟಿಗೆ ಅಂಜಿ ಕತ್ತು ನೆಟ್ಟಗೆ ಮಾಡಿಕೊಂಡು ಕೂತಿದ್ದೆವು.

ಮುಂದಿನ ಸಂಗತಿಯನ್ನು ನಾನು ಕಣ್ಣಾರೆ ಕಂಡಿಲ್ಲ. ಭಾವ ಹೇಳಿದ್ದನ್ನೂ ಬ್ರೆಕ್ಲಿಯ ಡೋರಿಸ್ ಬೀವರ್ಸ್ ಅಮ್ಮ ಹೇಳಿದ್ದನ್ನೂ ಕೂಡಿಸಿ, ಉತ್ಪ್ರೇಕ್ಷೆ ಕಳೆದು, ಉಳಿದದ್ದನ್ನು ಹೇಳುತ್ತೇನೆ.

ಭಾವನಿಗೆ ಎಚ್ಚರವಾದಾಗ ಬಸ್ಸಿನ ತುಂಬ ಹಾಡು. ಮಳೆಕೋಟುಗಳು ಕಳಚಿದ್ದವು. ಎಲ್ಲಿ ನೋಡಿದರೂ ನೀಲಿ-ಬಿಳಿ, ಬ್ರೆಕ್ಲಿಯ ಬಣ್ಣ. ಬೇರೆಯವರಾಗಿದ್ದರೆ ಅಯ್ಯೋ, ತಪ್ಪು ಬಸ್ಸು ಹತ್ತಿದೆ ಎಂದುಕೊಳ್ಳುತ್ತಿದ್ದರು. ಭಾವನಿಗೆ ಅಂಥ ಸರಳ ವಿಚಾರಗಳು ಬರುವುದಿಲ್ಲ. ತಾವು ನಿದ್ದೆಯಲ್ಲಿದ್ದಾಗ ಬ್ರೆಕ್ಲಿಯವರು ಬಸ್ಸನ್ನೇ ಅಪಹರಿಸಿ, ಥಾರ್ನ್‌ಶಾದವರನ್ನು ದಾರಿಯಲ್ಲಿ ಇಳಿಸಿಬಿಟ್ಟಿದ್ದಾರೆಂದು ಅವರು ತೀರ್ಮಾನಿಸಿದರು. ನೆಗೆದು ನಿಂತು ಕೂಗಿದರು:

"ನಮ್ಮವರು ಎಲ್ಲಿ? ಏನ್ ಮಾಡಿದ್ರಿ ನಮ್ಮವರನ್ನ?"

ಹಾಡು ನಿಂತಿತು. ಬೀವರ್ಸ್ ಅಮ್ಮ ಎದ್ದು ಬಂದರು. ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಬೇಯಿಸಿದ ಎಲೆಕೋಸನ್ನು ತಿನ್ನಿಸಿದ ಹೆಂಗಸು. ಸೈನ್ಯವಾದರೂ ಹೆದರಬೇಕು.

"ಯಾರಪ್ಪಾ ನಿಮ್ಮವರು?"

ಭಾವನ ಕೈ ಎದೆಗೆ ಹೋಯಿತು. ಒಳಜೇಬಿನಲ್ಲಿ ಟಿಕೆಟ್ಟುಗಳು ಬೆಚ್ಚಗಿದ್ದವು. ತಾನು ಯಾರೆಂದು ಗೊತ್ತಾದರೆ ಇವರು ಟಿಕೆಟ್ಟುಗಳನ್ನು ಕಿಟಕಿಯಿಂದ ತೂರಿಬಿಡುತ್ತಾರೆ! ಭಾವ ಮೆಲ್ಲನೆ ಕೂತರು.

"ನಮ್ಮವರು ಅಂದ್ರೆ... ನಮ್ಮ ಬೀದಿಯವರು."

"ಯಾವ ಬೀದಿ?"

"ಚರ್ಚ್ ಬೀದಿ."

ಚರ್ಚ್ ಬೀದಿಯಿಲ್ಲದ ಊರು ನಮ್ಮ ಯಾರ್ಕ್‌ಶೈರಿನಲ್ಲಿಲ್ಲ. ಉತ್ತರ ಸರಿಯಾಗಿಯೇ ಇತ್ತು. ಆದರೆ ಅದೃಷ್ಟ ಸರಿಯಿರಲಿಲ್ಲ.

"ನಾನೂ ಚರ್ಚ್ ಬೀದಿಯವಳೇ. ನಿನ್ನ ಮುಖ ಒಂದು ದಿನಾನೂ ಕಂಡಿಲ್ಲ."

"ನಾನು ಹೆಚ್ಚಾಗಿ ಹೊರಗೆ ಬರಲ್ಲ."

ಬಸ್ಸಿನವರ ಕಣ್ಣುಗಳು ಕಿರಿದಾದವು. ಸಕ್ಕರೆಯ ಬೋಳುತಲೆಯವನು ಎದ್ದು, "ಡೋರಿಸ್, ಈ ಮನುಷ್ಯ ಚಹಾ ಅಂಗಡೀಲಿ ನನ್ನನ್ನೇ ನುಂಗೋ ಹಾಗೆ ನೋಡ್ತಿದ್ದ. ಥಾರ್ನ್‌ಶಾದ ಗೂಢಚಾರ ಇರಬೇಕು" ಎಂದ. ಅವನ ಹೆಂಡತಿ, "ನೀನು ಅಲ್ಲಿ ಏನು ಮಾಡ್ತಿದ್ದೆ ಅಂತ ನೋಡ್ತಿದ್ದ?" ಎಂದಳು. ಅವನು ಕೂತುಬಿಟ್ಟ.

ವಿಚಾರಣೆ ಶುರುವಾಯಿತು. ಬೀವರ್ಸ್ ಅಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದರು: "ನಮ್ಮ ಹಿಂಗಾವಲಿನ ಆಟಗಾರ ಕ್ಲೆಗ್‌ಗೆ ಯಾವ ಮೊಣಕಾಲು ನೋವು?"

"ಎಡಗಾಲು" ಎಂದರು ಭಾವ ತಟ್ಟನೆ. "ಆದ್ರೆ ಎದುರಾಳಿಗಳ ಕಣ್ಣಿಗೆ ಮಣ್ಣೆರಚೋಕೆ ಬಲಗಾಲಿಗೆ ಪಟ್ಟಿ ಸುತ್ತಿರ್ತಾನೆ."

ಬಸ್ಸು ಬೆಪ್ಪಾಯಿತು. ಬಲಗಾಲಿನ ಪಟ್ಟಿ ಮೋಸದ್ದೆಂದು ಬ್ರೆಕ್ಲಿಯವರಿಗೇ ಗೊತ್ತಿರಲಿಲ್ಲ.

"ಕ್ಯಾಪ್ಟನ್ನು ಹೋದ ಚಳಿಗಾಲ ಯಾಕೆ ಮೂರು ಪಂದ್ಯ ಆಡಲಿಲ್ಲ?"

"ಎಲ್ಲರಿಗೂ ಹೇಳಿದ್ದು ಬೆನ್ನುನೋವು. ನಿಜವಾಗಿ ಅತ್ತೆ ಮನೆಯ ಏಣಿಯಿಂದ ಬಿದ್ದಿದ್ದು. ಏಣಿ ಹಿಡ್ಕೊಂಡಿದ್ದೂ ಅತ್ತೇನೇ."

ಜನ ಪ್ರೀತಿಸುವವರ ವಿಷಯವನ್ನು ಅರ್ಧ ತಿಳಿದಿರುತ್ತಾರೆ, ದ್ವೇಷಿಸುವವರದನ್ನು ಪೂರ್ತಿ. ಭಾವ ವರ್ಷಗಳಿಂದ ಬ್ರೆಕ್ಲಿಯ ಪ್ರತಿಯೊಬ್ಬ ಆಟಗಾರನ ಉಳುಕು, ಕೆಮ್ಮು, ಸಂಸಾರದ ಜಗಳಗಳನ್ನು ಭಕ್ತಿಯಿಂದ ಸಂಗ್ರಹಿಸಿದ್ದರು. ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಬೀವರ್ಸ್ ಅಮ್ಮನ ಕಣ್ಣು ಒದ್ದೆಯಾಗಿತ್ತು. "ಇಷ್ಟು ಪ್ರೀತಿ ಇಟ್ಕೊಂಡು ಮನೇಲಿ ಒಬ್ಬನೇ ಕೂತಿರ್ತಿದ್ಯಲ್ಲೋ, ಮಗನೇ!" ಎಂದು ತಮ್ಮ ನೀಲಿ-ಬಿಳಿ ಕಂಠವಸ್ತ್ರ ತೆಗೆದು ಭಾವನ ಕೊರಳಿಗೆ ಸುತ್ತಿದರು. ಕೈಗೆ ಹಂದಿಮಾಂಸದ ಪೈ ಒಂದನ್ನು ಕೊಟ್ಟರು. ಭಾವ ಅದನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ಆಮೇಲೆ ತಿಂದರು. ಆಮೇಲೆ ಇನ್ನೊಂದು ತಿಂದರು. ಶತ್ರುವಿನದೇ ಆದರೂ ಪೈ ಚೆನ್ನಾಗಿತ್ತೆಂದು ಅವರೇ ಒಪ್ಪಿದ್ದಾರೆ.

ಮ್ಯಾಂಚೆಸ್ಟರಿನ ಹೊರವಲಯದಲ್ಲಿ ವಾಹನಗಳು ಗಂಟುಬಿದ್ದು ನಿಂತಿದ್ದವು. ನಮ್ಮ ಬಸ್ಸು ತೆವಳುತ್ತ ಹೋಗಿ ಇನ್ನೊಂದು ಕೆನೆಬಣ್ಣದ ಬಸ್ಸಿನ ಪಕ್ಕ ನಿಂತಿತು. ಕಿಟಕಿಗೆ ಕಿಟಕಿ ಎದುರು. ಲಮ್ ಆಕಳಿಸುತ್ತ ಆಚೆ ನೋಡಿದವನು ಆಕಳಿಕೆಯನ್ನು ಅರ್ಧಕ್ಕೇ ನಿಲ್ಲಿಸಿದ.

"ಅಲ್ಲಿ... ಅಲ್ಲಿರೋದು ವಿಲ್ಫ್ ಅಲ್ವಾ?"

ನಾವೆಲ್ಲ ಮೊದಲು ಧೈರ್ಯ ಮಾಡಿ ಹಿಂದಿನ ಸೀಟು ನೋಡಿದೆವು. ಖಾಲಿ. ಆಮೇಲೆ ಕಿಟಕಿಯತ್ತ ನೋಡಿದೆವು. ನೀಲಿ-ಬಿಳಿ ಕಂಠವಸ್ತ್ರ ಸುತ್ತಿಕೊಂಡು, ಬಾಯ್ತುಂಬ ಪೈ ತುಂಬಿಕೊಂಡು, ಶತ್ರುಗಳ ಹಾಡಿಗೆ ತಲೆಯಾಡಿಸುತ್ತಿದ್ದ ಮನುಷ್ಯ ನನ್ನ ಖಾಸಾ ಭಾವ!

"ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು" ಎಂದ ಲಮ್. ಆ ಕ್ಷಣದಿಂದ ಬಸ್ಸಿನಲ್ಲಿ ಎಲ್ಲರಿಗೂ ಮೊದಲಿನಿಂದಲೂ ಅನುಮಾನವಿತ್ತು. ಒಬ್ಬರಿಗೆ ಭಾವನ ಮನೆಯ ಬಾಗಿಲಿನ ಬಣ್ಣ ನೀಲಿ ಎಂಬುದು ನೆನಪಾಯಿತು. ಇನ್ನೊಬ್ಬರಿಗೆ ಅವರು ಹಲ್ಲು ಕೀಳಿಸಲು ಬ್ರೆಕ್ಲಿಗೆ ಹೋಗಿದ್ದು ನೆನಪಾಯಿತು. "ನಮ್ಮೂರಲ್ಲಿ ಹಲ್ಲಿನ ಡಾಕ್ಟ್ರು ಇಲ್ವಲ್ಲ" ಎಂದೆ ನಾನು. "ಇಲ್ದಿದ್ರೆ ನಾವು ನೋವು ಅನುಭವಿಸ್ತೀವಿ, ದೇಶದ್ರೋಹ ಮಾಡ್ತೀವಾ?" ಎಂದು ಕೇಳಿದರು. ನನ್ನನ್ನೂ ಒಂದು ಥರ ನೋಡಿದರು.

ಎನಿಡಕ್ಕ ಹೆಣಿಗೆ ಕೆಳಗಿಟ್ಟು ಕಿಟಕಿಯಲ್ಲಿ ಗಂಡನನ್ನು ನೋಡಿದಳು. "ನೀಲಿ ಇವರಿಗೆ ಒಪ್ಪತ್ತೆ ಕಣೋ" ಎಂದಳು.

ಹೆಪ್‌ವರ್ತ್ ನಿಧಾನವಾಗಿ ಎದ್ದರು. ಗೋರಿಯ ಬಳಿ ಮಾಡುವಂತೆ ಟೋಪಿ ತೆಗೆದರು. "ಮಿತ್ರರೇ," ಎಂದರು, "ನಮ್ಮ ಟಿಕೆಟ್ಟುಗಳು ಯಾರ ಹತ್ತಿರ ಇವೆ?"

ಎಲ್ಲರೂ ಒಮ್ಮೆಗೇ ತಂತಮ್ಮ ಜೇಬು ತಡವಿಕೊಂಡರು.

ಅತ್ತ ಭಾವನೂ ನಮ್ಮನ್ನು ನೋಡಿದರು. ಅಪಹರಣಕ್ಕೀಡಾದ ಜನ ಪಕ್ಕದ ಬಸ್ಸಿನಲ್ಲಿ ಸುಖವಾಗಿರುವುದನ್ನು ಕಂಡ ಮೇಲೆ ಅವರಿಗೆ ನಿಜ ಹೊಳೆಯಿತು. ಟಿಕೆಟ್ಟುಗಳು ಜೋಪಾನವಾಗಿವೆ ಎಂದು ತಿಳಿಸಲು ಕೈಯನ್ನು ಒಳಜೇಬಿನ ಮೇಲಿಟ್ಟು ಎರಡು ಸಲ ತಟ್ಟಿಕೊಂಡರು. ನಮಗೆ ಕಂಡದ್ದೇನು? ಬ್ರೆಕ್ಲಿಯ ಬಟ್ಟೆ ಸುತ್ತಿಕೊಂಡು ಎದೆ ತಟ್ಟಿ "ನನ್ನ ಹೃದಯ ಇವರದು" ಎನ್ನುತ್ತಿದ್ದಾರೆ!

"ನೋಡಿ, ನೋಡಿ! ನಾಚಿಕೆಗೆಟ್ಟವನು!" ಎಂದು ಲಮ್ ಕಿಟಕಿ ಗುದ್ದಿದ.

ಅದನ್ನು ಕಂಡು ಬೀವರ್ಸ್ ಅಮ್ಮ ಭಾವನನ್ನು ಕೇಳಿದರಂತೆ, "ಯಾರೋ ಅವರು, ನಿನ್ನ ನೋಡಿ ಬೊಗಳ್ತಿರೋದು?"

"ಥಾರ್ನ್‌ಶಾದ ದರಿದ್ರಗಳು" ಎಂದರು ಭಾವ. ಬೇರೆ ಏನು ಹೇಳಿಯಾರು?

"ಹಾಗಾದ್ರೆ ಮುಷ್ಟಿ ತೋರಿಸು!"

ಇಡೀ ಬ್ರೆಕ್ಲಿ ಬಸ್ಸು ಮುಷ್ಟಿ ತೋರಿಸಿತು. ನಡುವೆ ಭಾವನ ಮುಷ್ಟಿಯೂ ಇತ್ತು, ಅರ್ಧ ತಿಂದ ಪೈ ಸಮೇತ. ಅವರ ಬಸ್ಸಿಗೆ ದಾರಿ ಸಿಕ್ಕಿತು. ಅದು ಹೊರಟುಹೋಯಿತು.

ಮೈದಾನದ ಹೊರಗೆ ಇಳಿಯುತ್ತಲೇ ನಮ್ಮವರು ಒಬ್ಬ ಪೊಲೀಸ್ ಸಾರ್ಜೆಂಟನ್ನು ಮುತ್ತಿಕೊಂಡರು. ಆತ ಮ್ಯಾಂಚೆಸ್ಟರಿನವನು, ಕಾಲ್ಚೆಂಡಿನ ಭಕ್ತ. ಕೈಯಲ್ಲಿ ಚೆಂಡು ಹಿಡಿದು ಓಡುವವರ ಬಗ್ಗೆ, ಅವರನ್ನು ನೋಡಲು ಬರುವವರ ಬಗ್ಗೆ ಆತನಿಗೆ ಗೌರವವಿರಲಿಲ್ಲ.

"ಆಳಿನ ಗುರುತು ಹೇಳಿ."

"ಕಳ್ಳಕಣ್ಣು" ಎಂದ ಲಮ್.

"ಐದಡಿ ಎಂಟಂಗುಲ ಉದ್ದ, ಭುಜದ ಹತ್ತಿರ ಹತ್ತೊಂಬತ್ತು ಅಂಗುಲ ಅಗಲ" ಎಂದರು ಹೆಪ್‌ವರ್ತ್. ಊರಿನವರೆಲ್ಲರ ಅಳತೆಯೂ ಅವರಿಗೆ ಬಾಯಿಪಾಠ.

"ಇವತ್ತು ಒಳಅಂಗಿ ಹಿಂದುಮುಂದಾಗಿ ಹಾಕ್ಕೊಂಡಿದ್ದಾರೆ" ಎಂದಳು ಅಕ್ಕ. "ಹೇಳಿದ್ರೆ, ಯಾಕೆ ಹೇಳ್ತೀಯಾ ಅಂತಾರೆ."

ಬ್ರೆಕ್ಲಿಯವರ ಸಾಲಿನಲ್ಲಿ ಭಾವ ಸಿಕ್ಕಿದರು. ತಪ್ಪಿಸಿಕೊಂಡು ನಮ್ಮತ್ತ ಬರಲು ಅವರು ಹವಣಿಸುತ್ತಿದ್ದರು, ಆದರೆ ಬೀವರ್ಸ್ ಅಮ್ಮ ದಾರಿ ತಪ್ಪಿಯಾನೆಂದು ತೋಳು ಹಿಡಿದುಕೊಂಡಿದ್ದರು. ಸಾರ್ಜೆಂಟು ಒಳಜೇಬಿನ ಗುಂಡಿ ಬಿಚ್ಚಿಸಿದ. ದಪ್ಪನೆಯ ಟಿಕೆಟ್ಟು ಕಟ್ಟು ಹೊರಬಂತು.

"ಓಹೋ! ಬ್ಲ್ಯಾಕಿನಲ್ಲಿ ಮಾರೋಕೆ ಬಂದ್ಯಾ?"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ!" ಬೀವರ್ಸ್ ಅಮ್ಮ ಮುಂದೆ ಬಂದರು. "ನಮ್ಮ ಚರ್ಚ್ ಬೀದಿ ಹುಡುಗ ಅವನು. ಬಂಗಾರದಂಥವನು."

"ಬಂಗಾರದ ಹತ್ರ ಥಾರ್ನ್‌ಶಾ ಕಡೆಯ ಟಿಕೆಟ್ಟು ಇಷ್ಟೊಂದು ಯಾಕಿದೆ?"

ಬೀವರ್ಸ್ ಅಮ್ಮ ಟಿಕೆಟ್ಟು ನೋಡಿದರು. ಭಾವನನ್ನು ನೋಡಿದರು. ನಮ್ಮ ಗುಂಪಿನ ಹತಾಶ ಮುಖಗಳನ್ನು ನೋಡಿದರು. ಅವರ ಮುಖ ಹುಣ್ಣಿಮೆಯಾಯಿತು.

"ಮಗನೇ! ಅವರೆಲ್ಲರ ಟಿಕೆಟ್ಟೂ ಕದ್ದು ತಂದ್ಬಿಟ್ಯಾ? ಒಬ್ಬರೂ ಒಳಗೆ ಹೋಗದ ಹಾಗೆ? ಅಯ್ಯೋ, ನನ್ನಪ್ಪಾ!"

ಬ್ರೆಕ್ಲಿಯವರು ಹುಚ್ಚೆದ್ದು ಕೂಗಿದರು. ಸಕ್ಕರೆಯ ಬೋಳುತಲೆಯವನೂ ಇನ್ನೊಬ್ಬನೂ ಸೇರಿ ಭಾವನನ್ನು ಹೆಗಲ ಮೇಲೆ ಎತ್ತಿಕೊಂಡರು. ಇತ್ತ ನಮ್ಮವರು, "ಅವನು ನಮ್ಮ ಕಳ್ಳ, ನಮಗೆ ಕೊಡಿ!" ಎಂದು ಕಾಲು ಹಿಡಿದೆಳೆದರು. ಮೇಲೆ ಭಾವ, ಕೆಳಗೆ ಎರಡು ಊರು. ಒಳಗಿನಿಂದ ತಂಡಗಳು ಮೈದಾನಕ್ಕಿಳಿಯುವ ಗದ್ದಲ ಕೇಳಿಸುತ್ತಿತ್ತು. ನಮ್ಮ ಜೀವಮಾನದ ಪಂದ್ಯ ಗೋಡೆಯಾಚೆ ಶುರುವಾಗುತ್ತಿತ್ತು.

ಸಾರ್ಜೆಂಟು ಸೀಟಿ ಊದಿ ಭಾವನನ್ನು ಇಳಿಸಿದ. "ಒಂದೇ ಮಾತು. ನೀನು ಯಾರ ಕಡೆಯವನು? ಬ್ರೆಕ್ಲಿಯವನಾದ್ರೆ ಇದು ಕಳ್ಳಮಾಲು, ಸ್ಟೇಷನ್ನಿಗೆ ಹೋಗತ್ತೆ. ಥಾರ್ನ್‌ಶಾದವನಾದ್ರೆ ನಿಮ್ಮ ಜಗಳ ನೀವು ಮಾಡ್ಕೊಳ್ಳಿ."

ಭಾವ ಬೀವರ್ಸ್ ಅಮ್ಮನ ಮುಖ ನೋಡಲಾರದೆ ಬೂಟು ನೋಡುತ್ತ ಹೇಳಿದರು: "ನಾನು ಥಾರ್ನ್‌ಶಾದವನು."

ಬೆಳಿಗ್ಗೆಯಿಂದ ತಮ್ಮ ಬಗ್ಗೆ ಅವರು ಹೇಳಿದ ಮೊದಲ ಸತ್ಯ ಅದು. ಯಾರೂ ನಂಬಲಿಲ್ಲ.

"ಪಾಪ, ಪೊಲೀಸರಿಗೆ ಹೆದರಿ ಹಾಗಂತಿದ್ದಾನೆ" ಎಂದಿತು ಬ್ರೆಕ್ಲಿ. "ಸುಳ್ಳು!" ಎಂದಿತು ಥಾರ್ನ್‌ಶಾ. ಸಾರ್ಜೆಂಟು ಅಕ್ಕನತ್ತ ತಿರುಗಿದ. "ಏನಮ್ಮಾ, ನಿಮ್ಮ ಯಜಮಾನರು ಯಾವ ತಂಡದವರು?"

"ಇವರು ಮನೇಲಿ ಮಾತಾಡೋದು ರೆಫರಿ ವಿಷಯ ಒಂದೇ" ಎಂದಳು ಅಕ್ಕ. "ರೆಫರಿ ವಿರುದ್ಧ ಇದ್ದಾರೆ ಅಂತ ಖಂಡಿತ ಹೇಳಬಲ್ಲೆ."

ಆಗ ಬೀವರ್ಸ್ ಅಮ್ಮ ಭಾವನ ಗದ್ದ ಹಿಡಿದು ಮುಖ ಮೇಲೆತ್ತಿದರು. "ನನ್ನ ಕಣ್ಣು ನೋಡಿ ಹೇಳು. ಕ್ಲೆಗ್‌ನ ಎಡಮೊಣಕಾಲಿನ ವಿಷಯ ಯಾಕೆ ತಿಳ್ಕೊಂಡಿದ್ದೆ?"

ಭಾವ ಹೇಳಿಬಿಟ್ಟರು: "ಅಲ್ಲಿಗೇ ಗುರಿಯಿಡಿ ಅಂತ ನಮ್ಮ ಹುಡುಗರಿಗೆ ಹೇಳೋಕೆ."

ಬೀವರ್ಸ್ ಅಮ್ಮ ಕೈಚೀಲ ಬೀಸಿದರು. ಚೀಲದಲ್ಲಿ ಚಹಾದ ಫ್ಲಾಸ್ಕಿತ್ತು. ಏಟು ಭಾವನ ಕಿವಿಯ ಮೇಲೆ ಬಿದ್ದ ಶಬ್ದಕ್ಕೆ ಪೊಲೀಸ್ ಕುದುರೆಯೊಂದು ಹಿಂದಕ್ಕೆ ಸರಿಯಿತು. "ನನ್ನ ಎರಡು ಪೈ ತಿಂದ್ಯಲ್ಲೋ, ಪಾಪಿ!" ಎಂದು ಕಂಠವಸ್ತ್ರ ಕಿತ್ತುಕೊಂಡು ಅವರು ತಿರುಗಿ ನೋಡದೆ ಹೋದರು.

"ಸಾಕಷ್ಟು ಸಾಕ್ಷಿ ಸಿಕ್ಕಿತು" ಎಂದು ಸಾರ್ಜೆಂಟು ಟಿಕೆಟ್ಟು ಕಟ್ಟನ್ನು ಹೆಪ್‌ವರ್ತ್ ಕೈಗೆ ಕೊಟ್ಟ.

ಒಳಗೆ ಹೋದೆವು. ಆದರೆ ಪೊಲೀಸರಿಗೆ ಸಾಕಾದ ಸಾಕ್ಷಿ ಥಾರ್ನ್‌ಶಾಗೆ ಸಾಕಾಗಲಿಲ್ಲ. "ಹೊಡೆತ ಕೂಡ ನಾಟಕ ಇರಬಹುದು" ಎಂದ ಲಮ್. ಹೆಪ್‌ವರ್ತ್ ನಿಂತಲ್ಲೇ ಬಂದೋಬಸ್ತು ಕಾರ್ಯದರ್ಶಿಯ ಹುದ್ದೆಗೆ ಅಂತ್ಯಸಂಸ್ಕಾರ ಮಾಡಿದರು. ಭಾವನನ್ನು ಎಲ್ಲರಿಗಿಂತ ಮುಂದೆ, ಮೂಲೆಯ ಬಾವುಟದ ಪಕ್ಕ, ಮಳೆ ನೇರವಾಗಿ ಹೊಡೆಯುವ ಸೀಟಿನಲ್ಲಿ ಕೂರಿಸಿ, ಹಿಂದಿನ ಸಾಲಿನಲ್ಲಿ ಅವರೂ ಲಮ್ಮೂ ಕಾವಲು ಕೂತರು. ನಾನು, ಅಕ್ಕ ಪಕ್ಕದಲ್ಲಿದ್ದೆವು.

ಅಂಥ ಪಂದ್ಯವನ್ನು ನಾನು ಮತ್ತೆ ನೋಡಿಲ್ಲ. ಹುಡುಗರು ಒಬ್ಬರನ್ನೊಬ್ಬರು ಹೊಡೆದು ಕೆಡವುವ ಸದ್ದು ಹೊಟ್ಟೆಗೆ ತಾಗುತ್ತಿತ್ತು. ನಮ್ಮವರು ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಮೊದಲ ಟ್ರೈ ಗಳಿಸಿದಾಗ ಭಾವ ಗಂಟಲು ಹರಿಯುವ ಹಾಗೆ ಕೂಗಿದರು.

"ಅತಿ ವಿನಯಂ ಧೂರ್ತ ಲಕ್ಷಣಂ" ಎಂಬರ್ಥದ ಮಾತೊಂದನ್ನು ಲಮ್ ಯಾರ್ಕ್‌ಶೈರಿನ ಭಾಷೆಯಲ್ಲಿ ಆಡಿದ. ಅಲ್ಲಿ ಅದು ಇನ್ನೂ ಚಿಕ್ಕದು, ಇನ್ನೂ ಕೆಟ್ಟದು.

ಎರಡನೆಯ ಟ್ರೈಗೆ ಭಾವ ಸುಮ್ಮನೆ ಕೂತರು. "ನೋಡಿ, ಹೊಟ್ಟೆ ಉರ್ಕೊಳ್ತಿದ್ದಾನೆ" ಎಂದರು ಹಿಂದಿನವರು. ಬ್ರೆಕ್ಲಿ ಟ್ರೈ ಹೊಡೆದಾಗ ಭಾವ ತಲೆಯ ಮೇಲೆ ಕೈಹೊತ್ತರು. "ನಗು ಮುಚ್ಕೊಳ್ತಿದ್ದಾನೆ" ಎಂದರು. ಕೊನೆಗೆ ಭಾವ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕಂಬದಂತೆ ಕೂತರು. ಮುಖದ ಮೇಲೆ ಹರಿಯುತ್ತಿದ್ದ ನೀರೆಲ್ಲ ಮಳೆಯದಲ್ಲವೆಂದು ನನಗೆ ತೋರಿತು. ಊರಿನಲ್ಲಿ ಎಲ್ಲರನ್ನೂ ಅನುಮಾನಿಸುತ್ತಿದ್ದ ಮನುಷ್ಯನಿಗೆ ಅನುಮಾನ ಎಷ್ಟು ತಣ್ಣಗಿರುತ್ತದೆಂದು ಅಂದು ತಿಳಿದಿರಬೇಕು. ಅಕ್ಕ ತನ್ನ ಕೊಡೆಯನ್ನು ಅವರ ತಲೆಯ ಕಡೆ ಸ್ವಲ್ಪ ಸರಿಸಿದಳು. ಭಾವ ಕೊಡೆಯನ್ನು ನೋಡಿದರು. ಯಾಕೆಂದು ಮಾತ್ರ ಕೇಳಲಿಲ್ಲ.

ಆಟ ಮುಗಿಯುತ್ತ ಬಂತು. ಬ್ರೆಕ್ಲಿ ಹನ್ನೆರಡು, ನಾವು ಹತ್ತು. ಕಡೆಯ ಗಳಿಗೆಯಲ್ಲಿ ಚೆಂಡು ಕೈಯಿಂದ ಕೈಗೆ ಹಾರಿ ನಮ್ಮ ಓಟಗಾರ ಡೆನ್ನಿ ಫರ್ತ್‌ನ ಕೈಸೇರಿತು. ಅವನು ಅಂಚಿನ ಗೆರೆ ಹಿಡಿದು ನಮ್ಮತ್ತಲೇ ಓಡಿ ಬಂದ. ಕ್ಲೆಗ್ ಅಡ್ಡ ಹಾರಿದ. ಇಬ್ಬರೂ ಒಂದಾಗಿ ಗಾಳಿಯಲ್ಲಿ ತಿರುಗಿ, ಬಾವುಟದ ಬುಡದಲ್ಲಿ, ಭಾವನ ಮೂಗಿನ ಮುಂದೆ ಬಿದ್ದರು. ಚೆಂಡನ್ನು ಡೆನ್ನಿ ನೆಲಕ್ಕೆ ಒತ್ತಿದ್ದ.

ಟ್ರೈ! ಗೆದ್ದೆವು! ನಮ್ಮ ಕಡೆಯವರೆಲ್ಲ ನೆಗೆದರು.

ರೆಫರಿ ಕೈ ಎತ್ತಲಿಲ್ಲ. ಗೆರೆ ಕಾಯುವ ಬಾವುಟದವನ ಬಳಿ ಹೋಗಿ ಏನೋ ಕೇಳುತ್ತ ನಿಂತ. ಚೆಂಡು ನೆಲ ಮುಟ್ಟುವ ಮೊದಲು ಡೆನ್ನಿಯ ಕಾಲು ಅಂಚಿನ ಗೆರೆ ಮುಟ್ಟಿತ್ತೆ? ಮುಟ್ಟಿದ್ದರೆ ಟ್ರೈ ಇಲ್ಲ. ಹಿಂದಿನ ಸಾಲುಗಳಿಗೆ ಏನೂ ಕಂಡಿರಲಿಲ್ಲ. ಹೆಪ್‌ವರ್ತ್ ಮುಂದಕ್ಕೆ ಬಾಗಿದರು.

"ವಿಲ್ಫ್, ನೀನು ಎಲ್ಲರಿಗಿಂತ ಹತ್ತಿರ ಇದ್ದೆ. ಕಾಲು ಮುಟ್ಟಿತಾ?"

ನಾನೂ ನೋಡಿದ್ದೆ. ಡೆನ್ನಿಯ ಕಾಲು ಸುಣ್ಣದ ಗೆರೆಯ ನಟ್ಟನಡುವೆ ಊರಿತ್ತು. ಅವನ ಬೂಟಿಗೆ ಇನ್ನೂ ಸುಣ್ಣ ಅಂಟಿಕೊಂಡಿತ್ತು. ಗೆರೆಯಲ್ಲಿ ಹಿಮ್ಮಡಿಯ ಗುರುತು ಅಚ್ಚೊತ್ತಿದಂತಿತ್ತು. ಭಾವ ಆ ಗುರುತನ್ನು ನೋಡಿದರು. ಬೂಟನ್ನು ನೋಡಿದರು. ಆಮೇಲೆ ಬೆಂಚಿನ ಮೇಲೆ ಹತ್ತಿ ನಿಂತು, ಬಾವುಟದವನಿಗೆ, ರೆಫರಿಗೆ, ಮ್ಯಾಂಚೆಸ್ಟರಿಗೆಲ್ಲ ಕೇಳುವಂತೆ ಗರ್ಜಿಸಿದರು:

"ಮುಟ್ಟಿಲ್ಲ! ಗೆರೆಗೂ ಕಾಲಿಗೂ ಒಂದು ಗೇಣು ಅಂತರ ಇತ್ತು! ನನ್ನ ಹೆಂಡತಿ ಆಣೆಗೂ ಮುಟ್ಟಿಲ್ಲ!"

ಬಾವುಟದವನು ಬೂಟು ತೋರಿಸಿದ. ರೆಫರಿ ತಲೆಯಾಡಿಸಿದ. ಟ್ರೈ ಇಲ್ಲ. ಕೊನೆಯ ಸೀಟಿ ಕೇಳಿಸಿತು. ನಾವು ಸೋತಿದ್ದೆವು.

ಆದರೆ ಹೆಪ್‌ವರ್ತ್ ಆಗಲೇ ಸಾಲು ದಾಟಿ ಬಂದು ಭಾವನನ್ನು ತಬ್ಬಿಕೊಂಡಿದ್ದರು. "ನಮ್ಮೋನು! ನಮ್ಮೋನೇ ಕಣ್ರೋ!" ಲಮ್ ಕಣ್ಣೊರೆಸಿಕೊಳ್ಳುತ್ತ ಭಾವನ ಬೆನ್ನು ತಟ್ಟಿದ. ಸುಣ್ಣ ಮೆತ್ತಿದ ಬೂಟನ್ನು ಅವನೂ ಈಗ ಕಂಡಿದ್ದ, ಎಲ್ಲರೂ ಕಂಡಿದ್ದರು. ಅಂಥ ಬೂಟನ್ನು ಕಣ್ಣೆದುರಿಟ್ಟುಕೊಂಡು ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಗಟ್ಟಿಯಾಗಿ ಹೇಳುವವನು ಥಾರ್ನ್‌ಶಾದವನಲ್ಲದೆ ಇನ್ನಾರು? ಬೆಳಿಗ್ಗೆಯಿಂದ ಭಾವನ ಸತ್ಯವನ್ನು ಒಪ್ಪದ ಊರು ಒಂದು ಸುಳ್ಳಿಗೆ ಅವರನ್ನು ಮರಳಿ ಒಳಗೆ ಸೇರಿಸಿಕೊಂಡಿತು.

ಹಿಂದಿರುಗುವ ಬಸ್ಸಿನಲ್ಲಿ ಎಲ್ಲರೂ ಹಾಡಿದರು. ಸೋತವರಂತೆ ಯಾರೂ ಇರಲಿಲ್ಲ. ಮೋಸದಿಂದ ಸೋತೆವೆಂಬ ಸುಖ ಗೆಲುವಿಗಿಂತ ಬಹುಕಾಲ ಬಾಳಿಕೆ ಬರುತ್ತದೆ. ಗುಡ್ಡ ಹತ್ತುವ ಮೊದಲೇ ಬಾವುಟದವನಿಗೆ ಬ್ರೆಕ್ಲಿಯಲ್ಲಿ ಒಬ್ಬ ಚಿಕ್ಕಮ್ಮ ಹುಟ್ಟಿದ್ದಳು. ಇಳಿಯುವ ಹೊತ್ತಿಗೆ ಆಕೆಯ ಮನೆಗೆ ಹೊಸ ಕಾರ್ಪೆಟ್ಟು ಬಂದಿತ್ತು. ಭಾವ ಎದ್ದು ನಿಂತು ಕಣ್ಣಾರೆ ಕಂಡದ್ದನ್ನು ವಿವರಿಸಿದರು. ಅಂತರ ಒಂದು ಗೇಣಿದ್ದದ್ದು ಒಂದು ಮೊಳವಾಯಿತು. ಕ್ಲಬ್ಬಿನಲ್ಲಿ ಈಗ ಕೇಳಿದರೆ, ಆ ಅಂತರದಲ್ಲಿ ನಮ್ಮ ಬಸ್ಸನ್ನೇ ತಿರುಗಿಸಬಹುದಿತ್ತು.

ಸಂಜೆ ಮನೆ ತಲುಪಿದೆವು. ಭಾವ ಕೋಟು ಬಿಚ್ಚಿ, ಊದಿಕೊಂಡ ಕಿವಿಗೆ ಒದ್ದೆಬಟ್ಟೆ ಒತ್ತಿಕೊಂಡು, ಒಲೆಯ ಮುಂದೆ ಕೂತರು. ಅಷ್ಟು ಸಂತೋಷದ ಮುಖ ಅವರದೆಂದು ನಂಬುವುದೇ ಕಷ್ಟವಾಗಿತ್ತು. ಅಕ್ಕ ಚಹಾ ತಂದು ಕೈಗಿಟ್ಟಳು. ತಾನೂ ಎದುರು ಕೂತಳು. ಮನೆಯಲ್ಲಿ ನಾವು ಮೂವರೇ.

"ರೀ," ಎಂದಳು ಮೆಲ್ಲಗೆ, "ನನ್ನ ಆಣೆ ಬೇರೆ ಹಾಕಿದ್ರಿ. ನಿಜ ಹೇಳಿ, ಕಾಲು ಗೆರೆ ಮುಟ್ಟಿತ್ತಾ?"

ಭಾವ ಲೋಟ ಕೆಳಗಿಟ್ಟರು. ಎದ್ದು ಹೋಗಿ ಕಿಟಕಿಯ ಪರದೆ ಸರಿಸಿ ಬೀದಿಯನ್ನು ಎರಡೂ ಕಡೆ ನೋಡಿದರು. ತಿರುಗಿ ಬಂದು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿದರು.

"ಯಾರು ಕಳಿಸಿದ್ದು ನಿನ್ನ?" ಎಂದರು.